ಓತಿಯ ಕೆಳಗೆ ಹಾಸಿದ ಕಾಫಿ ಹೊಟ್ಟು

ಇದನ್ನು ಹೇಳುವುದನ್ನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಮೊದಲು ಕಾಫಿ ಕುಯ್ಲು ಮುಗಿಯಲಿ ಎಂದುಕೊಂಡೆ, ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಎರಡೂ ಆದವು. ಇನ್ನು ನೆಪ ಉಳಿದಿಲ್ಲ.

ನಾನು ಹೈಸ್ಕೂಲು ಮುಗಿಸಿ ಮಾದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿದವನು. ಆಳುಗಳ ಹಾಜರಿ ಬರೆಯುವ ಕೆಲಸ. ಬಿಟ್ಟು ಬಹಳ ಕಾಲವಾದರೂ ಊರಿನವರಿಗೆ ನಾನು ಇನ್ನೂ ರೈಟರೇ. ಮಗಳು ಮಡಿಕೇರಿಯಲ್ಲಿ ಆಫೀಸು ಕೆಲಸದಲ್ಲಿದ್ದಾಳೆ, ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳಮ್ಮ ತೀರಿಕೊಂಡ ವರ್ಷ ಒಂದು ಗಾಜಿನ ಪೆಟ್ಟಿಗೆ ಹೊತ್ತು ತಂದಳು. ಒಳಗೆ ಮೊಳದುದ್ದದ ಒಂದು ಓತಿ. ಬೇರೆ ದೇಶದ್ದು, ಕತ್ತಿನ ಸುತ್ತ ಗಡ್ಡದ ಹಾಗೆ ಮುಳ್ಳು. ಅದಕ್ಕೆ ಕಾಗದಪತ್ರ, ಬಿಸಿಲಿನ ಬದಲು ಒಂದು ಬಲ್ಬು, ಹುಳುಗಳ ಡಬ್ಬಿ. ಅಮ್ಮ ಹೋದ ಮೇಲೆ ಮಾತೇ ಬಿಟ್ಟಿದ್ದ ಹುಡುಗಿ ಆ ಪೆಟ್ಟಿಗೆಯ ಮುಂದೆ ಕೂತು ಮಾತಾಡಲು ಶುರುಮಾಡಿದಳು. ಹಾಗಾಗಿ ನಾನೂ ಅದನ್ನು ಒಪ್ಪಿಕೊಂಡೆ.

ನಮ್ಮ ಮನೆಗೆಲಸಕ್ಕೆ ಎಸ್ಟೇಟಿನ ಆಳುಗಳಿರುವ ಲೈನ್ ಮನೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಒಂಬತ್ತು ವರ್ಷದಿಂದ ಬರುತ್ತಿದ್ದವಳು. ಓತಿ ಬಂದ ಮೊದಲ ದಿನವೇ ಪೊರಕೆ ಊರಿ ನಿಂತು ನೋಡಿದಳು. "ಗಡ್ಡ ಬಿಟ್ಕೊಂಡು ಕೂತವ್ನಲ್ಲ, ಥೇಟ್ ನಮ್ಮ ಮಾವ! ಅವ್ನೂ ಹಿಂಗೇ, ಕೂತಲ್ಲೇ ಊಟ," ಎಂದಳು. ಒಂದು ಸಲ ನೀರಿನ ತೋಡಿನ ಪಕ್ಕದ ಹುಲ್ಲಿನಿಂದ ನಾಲ್ಕು ಮಿಡತೆ ಹಿಡಿದು ತಂದಿದ್ದಳು. "ಅಕ್ಕಾ, ಹೊರಗಿನ ಹುಳ ಬೇಡ, ಎಲ್ಲಾ ಕಡೆ ಔಷಧಿ ಹೊಡಿತಾರೆ," ಎಂದು ಮಗಳು ಹೇಳಿದ ಮೇಲೆ ಮತ್ತೆ ತಂದವಳಲ್ಲ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಮಗಳಿಗೆ ಮೈಸೂರಿನಲ್ಲಿ ಎರಡು ವಾರದ ಟ್ರೇನಿಂಗ್ ಬಂತು. ಹೊರಡುವಾಗ, "ಅಪ್ಪ, ನಿಮ್ಮ ಶುಗರ್ ಮಾತ್ರೆ ಮರೆತ್ರೂ ಅವನ ಬಲ್ಬ್ ಮರಿಬೇಡಿ," ಎಂದಳು. ಪೆಟ್ಟಿಗೆಯಲ್ಲಿ ಪೇಪರ್ ಬಿಟ್ಟು ಬೇರೇನೂ ಹಾಸಬಾರದು ಎಂದೂ ಹೇಳಿದ್ದಳು.

ಎರಡನೆಯ ದಿನವೇ ಚಳಿ ಜೋರಾಯಿತು. ಪೇಪರಿನ ಮೇಲೆ ಹೊಟ್ಟೆ ಊರಿ ಮಲಗಿದ್ದ ಆ ಪ್ರಾಣಿಯನ್ನು ಕಂಡು ನನಗೆ ಪಾಪ ಅನ್ನಿಸಿತು. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿದ್ದಾಗ ಕೋಳಿಮರಿಗಳಿಗೆ ಕಾಫಿ ಹೊಟ್ಟು ಹಾಸಿ ಬೆಚ್ಚಗೆ ಸಾಕಿದವನು ನಾನು. ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಮಿಲ್ಲಿನಿಂದ ತಂದ ಹೊಟ್ಟು ಶೆಡ್ಡಿನಲ್ಲಿತ್ತು. ಒಣಗಿದ ಹಗುರ ಹೊಟ್ಟು. ಎರಡು ಬೊಗಸೆ ತಂದು ಹಾಸಿದೆ. ಕೆಲಸದವಳು ನೋಡಿ, "ಮಗಳು ಬಯ್ಯಲ್ವಾ ರೈಟ್ರೇ?" ಅಂದಳು. "ಅವಳಿಗೇನು ಗೊತ್ತು," ಅಂದೆ.

ಐದನೆಯ ದಿನ ಓತಿ ಹುಳು ಮುಟ್ಟಲಿಲ್ಲ. ಸಿಹಿಗುಂಬಳದ ಚೂರು ಮೂಗಿನ ಹತ್ತಿರ ಹಿಡಿದರೆ ಕಣ್ಣು ಮುಚ್ಚಿಕೊಂಡಿತು. ಸಂಜೆ ಮಗಳು ಫೋನಿನಲ್ಲಿ ಕೇಳಿದಾಗ, ತಿಂತು ಎಂದೆ. ಮರುದಿನವೂ ತಿಂತು ಎಂದೆ. ಅಷ್ಟರಲ್ಲಿ ಅದರ ಗಡ್ಡ ಇದ್ದಿಲಿನಂತೆ ಕಪ್ಪಾಗಿತ್ತು.

ಏಳನೆಯ ದಿನ ಬೆಳಿಗ್ಗೆ ಹತ್ತಿರದಿಂದ ನೋಡಿದೆ. ಬಾಯಿಯ ಅಂಚಿನಲ್ಲಿ ಹೊಟ್ಟಿನ ಒಂದು ಚೂರು ಅಂಟಿತ್ತು. ಹುಳು ಹಿಡಿಯುವಾಗೆಲ್ಲ ನಾಲಿಗೆಗೆ ಹೊಟ್ಟೂ ಬಂದು ಒಳಗೆ ಹೋಗಿದೆ ಎಂದು ಆಗ ಹೊಳೆಯಿತು. ಇದು ಸತ್ತರೆ ಕೊಂದವನು ನಾನೇ. ಮಗಳು ಮತ್ತೆ ಮಾತು ಬಿಟ್ಟರೆ? ಹೊಟ್ಟನ್ನೆಲ್ಲ ಬಳಿದು ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದೆ, ಮೇಲೆ ಒಣಗಿದ ಎಲೆಯ ದರಗು ಎಳೆದೆ. ಪೆಟ್ಟಿಗೆ ಒರೆಸಿ ಹೊಸ ಪೇಪರ್ ಹಾಸಿದೆ. ಇಷ್ಟೆಲ್ಲ ಆದ ಮೇಲೆಯೇ ಮಗಳಿಗೆ ಫೋನು ಮಾಡಿ, ಇವತ್ತು ಯಾಕೋ ತಿನ್ನುತ್ತಿಲ್ಲ ಎಂದೆ.

ಅವಳು ಇಂಥ ಪ್ರಾಣಿಗಳನ್ನು ನೋಡುವ ಮೈಸೂರಿನ ಡಾಕ್ಟರೊಬ್ಬರಿಂದ ನನಗೆ ವಿಡಿಯೋ ಕಾಲ್ ಮಾಡಿಸಿದಳು. ಆ ಕರೆಯಲ್ಲಿ ಅವಳೂ ಇದ್ದಳು. ಡಾಕ್ಟರು ಮೊದಲು ಕೇಳಿದ್ದೇ, "ಕೆಳಗೆ ಏನು ಹಾಸಿದ್ದೀರಿ? ಮರಳು, ಮಣ್ಣು, ಏನಾದರೂ?"

"ಪೇಪರ್ ಸಾರ್. ನೋಡಿ." ಫೋನನ್ನು ಪೆಟ್ಟಿಗೆಯತ್ತ ತಿರುಗಿಸಿದೆ.

"ಮತ್ತೆ ಹೊರಗಿನದೇನಾದರೂ ತಿಂದಿದೆಯಾ?"

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಹಾಗೆಂದು ಅದು ಕಡಿಮೆ ಕೆಟ್ಟದ್ದೇನಲ್ಲ. "ಕೆಲಸದವಳು ಮಿಡತೆ ತಂದು ಹಾಕಿದ್ಳು ಸಾರ್. ಗದ್ದೆ ಕಡೆಯದ್ದು. ಅಲ್ಲಿ ಔಷಧಿ ಹೊಡೆದಿದ್ರು."

"ಅಯ್ಯೋ, ಅಷ್ಟು ಹೇಳಿದ್ದೆನಲ್ಲ ಅವರಿಗೆ!" ಎಂದು ಮಗಳು ಕೂಗಿದಳು. ವಿಷವಾಗಿದ್ದರೆ ಮಾಡಲು ಹೆಚ್ಚೇನಿಲ್ಲ, ಬೆಚ್ಚಗಿಡಿ, ಬಾಯಿಗೆ ಹನಿ ಹನಿ ನೀರು ಬಿಡಿ, ಕಾದು ನೋಡಿ ಎಂದರು ಡಾಕ್ಟರು. ಫೋನು ಇಟ್ಟು ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ಕೆಲಸದವಳು ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿತ್ತೋ ತಿಳಿಯದು. ಒಳಗೆ ಹೋಗಿ ನೆಲ ಒರೆಸಿದಳು.

ಮರುದಿನ ಓತಿಯ ಹಿಂಗಾಲುಗಳು ಸ್ವಾಧೀನ ತಪ್ಪಿದವು. ಮುಂಗಾಲಿನಿಂದ ಮೈಯನ್ನು ಜಗ್ಗಿಕೊಂಡು ಗಾಜಿನ ತನಕ ಬರುವುದು, ಅಲ್ಲೇ ಬಾಯಿ ತೆರೆದು ಬಿದ್ದುಕೊಳ್ಳುವುದು. ಪ್ರತಿ ಸಲ ಹೊಟ್ಟೆಯ ಉಸಿರು ನಿಂತಿತೇನೋ ಎಂದು ಗಾಜಿಗೆ ಮುಖ ಒತ್ತಿ ನೋಡುತ್ತಿದ್ದೆ. ಹೀಗೇ ಕೂತಿದ್ದಾಗ ಅವಳು ಬಂದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತಳು.

"ರೈಟ್ರೇ, ಡಾಕ್ಟ್ರಿಗೆ ಹೊಟ್ಟಿನ ವಿಷ್ಯ ಹೇಳ್ಬಿಡಿ."

ನಾನು ಬಲ್ಬಿನ ವೈರು ಸರಿಪಡಿಸಿದೆ.

"ಗುಂಡೀಲಿ ನೋಡ್ದೆ. ಮಗಳಿಗೆ ಹೇಳೋದು ಬಿಡೋದು ನಿಮ್ಗೆ ಬಿಟ್ಟಿದ್ದು, ನಾನಂತೂ ಬಾಯಿ ಬಿಡಲ್ಲ. ಈ ಬಡಪಾಯಿ ಏನ್ ಮಾಡ್ತು? ಹೇಳಿ, ಬೇಗ."

ಶೆಡ್ಡಿನ ಹಿಂದೆ ಹೋಗಿ ಡಾಕ್ಟರಿಗೆ ಫೋನು ಮಾಡಿದೆ. ಹೊಟ್ಟಿನ ವಿಷಯ ಹೇಳಿದೆ. ಅವರು, "ನಿನ್ನೆಯೇ ಹೇಳಬಾರದಿತ್ತಾ?" ಎಂದರಷ್ಟೆ. ದಿನಕ್ಕೆ ಮೂರು ಸಲ ಉಗುರು ಬೆಚ್ಚಗಿನ ನೀರಿನಲ್ಲಿ ಕೂರಿಸಿ, ಹೊಟ್ಟೆಯನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ಸವರಿ, ಬರೆದು ಕಳಿಸುವ ಔಷಧಿ ಕುಡಿಸಿ, ಎರಡು ದಿನದಲ್ಲಿ ಹೊರಗೆ ಹೋಗದಿದ್ದರೆ ಮೈಸೂರಿಗೆ ತನ್ನಿ, ಕೊಯ್ಯಬೇಕಾಗಬಹುದು ಎಂದರು. ಮಗಳಿಗೆ ಹೇಳಬೇಡಿ ಸಾರ್ ಎಂದು ಬೇಡಿಕೊಂಡೆ. "ಅದನ್ನು ನೀವೇ ಹೇಳಬೇಕು," ಎಂದು ಫೋನು ಇಟ್ಟುಬಿಟ್ಟರು.

ಓತಿಯನ್ನು ಹಿಡಿದದ್ದೆಲ್ಲ ಕೆಲಸದವಳೇ. ಅಗಲದ ಬೇಸಿನ್ನಿನಲ್ಲಿ ಒಂದು ಅಂಗೈ ಕೆಳಗೆ ಕೊಟ್ಟು, ಇನ್ನೊಂದರ ಹೆಬ್ಬೆರಳಿನಿಂದ ಹೊಟ್ಟೆ ಸವರುವಳು. ನಾನು ನೀರು ಆರದಂತೆ ಚೊಂಬಿನಲ್ಲಿ ಬಿಸಿನೀರು ಬೆರೆಸುವುದು. "ಜಾಸ್ತಿ ಹುಯ್ಬೇಡಿ, ಬೇಯಿಸ್ಬಿಟ್ಟೀರಿ," ಎಂದು ಗದರುವಳು. ಮಧ್ಯಾಹ್ನದ ಸರದಿಗೆಂದು ಎರಡು ದಿನ ಎಸ್ಟೇಟಿನ ಕಾಫಿ ಪಿಕ್ಕಿಂಗ್ ಕೂಲಿ ಬಿಟ್ಟು ಬಂದಳು. ಎರಡನೆಯ ದಿನ ಸಂಜೆಯವರೆಗೂ ಏನೂ ಆಗಲಿಲ್ಲ. ಬೆಳಿಗ್ಗೆ ಮೈಸೂರಿಗೆ ಹೊರಡಲು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡೆ. ಕೊಯ್ಯುವ ಮೇಜಿನ ಮೇಲೆ ಅದು, ಪಕ್ಕದಲ್ಲಿ ಮಗಳು, ಒಳಗಿನಿಂದ ತೆಗೆದ ಹೊಟ್ಟು ಅವಳ ಕಣ್ಣೆದುರಿಗೆ. ಇದೇ ಚಿತ್ರ ಕಣ್ಣಿಗೆ ಕಟ್ಟಿತ್ತು.

ಸಂಜೆ ಲೈನಿಗೆ ಹೊರಡುವ ಮುಂಚೆ ಕೆಲಸದವಳು ಇನ್ನೊಂದು ಸಲ ನೀರಿಗಿಟ್ಟಳು. ನೀರು ಕಲಕಿತು. "ಬಂತು ರೈಟ್ರೇ, ಬಂತು!" ಎಂದು ಕಿರುಚಿದಳು. ಅವಳ ಅಂಗೈಯಲ್ಲಿ ಮುದ್ದೆಯಾಗಿ ಕಾಫಿ ಹೊಟ್ಟು. ಮರುದಿನ ಅದು ಒಂದು ಹುಳು ತಿಂತು.

ಮಗಳು ವಾಪಸು ಬಂದಳು. ಓತಿಯನ್ನು ಎತ್ತಿ ಎದೆಗೆ ಒತ್ತಿಕೊಂಡೇ ಅಡುಗೆಮನೆ ಬಾಗಿಲಿಗೆ ಹೋದಳು. "ಅಕ್ಕಾ, ಬೇಡ ಅಂದಿದ್ದೆನಲ್ಲ. ಇದು ಸತ್ತಿದ್ರೆ? ನಂಗೆ ಇನ್ನು ನಿಮ್ಮ ಮೇಲೆ ನಂಬಿಕೆ ಇಲ್ಲ. ನಾಳೆಯಿಂದ ಬರಬೇಡಿ."

ಕೆಲಸದವಳು ನನ್ನ ಕಡೆ ನೋಡಿದಳು. ಅವತ್ತಿನ ಪೇಪರ್ ಓದಲೆಂದು ನನ್ನ ಕೈಯಲ್ಲಿತ್ತು. ಅದನ್ನು ಮಡಿಸಿ ಒಂದು ಮಾತು ಹೇಳಲು ಸಮಯ ಬೇಕಾದಷ್ಟಿತ್ತು. ಅವಳು ಕಾದಳು. ನಾನು ಹಾಳೆ ತಿರುಗಿಸಿದೆ. "ಆಯ್ತಮ್ಮ," ಎಂದು ಅವಳು ಮಗಳಿಗೆ ಹೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಹಿಂಬಾಗಿಲಿನಿಂದ ಇಳಿದು ಹೋದಳು.

ಮಗಳು ಇದನ್ನು ಓದುತ್ತಾಳೆ. ಓದಲಿ, ಅವಳ ಮುಂದೆ ತಲೆ ತಗ್ಗಿಸಲು ತಯಾರಾಗಿದ್ದೇನೆ. ಆದರೆ ಓದಲು ಬಾರದ, ನಾನೇ ಲೈನಿಗೆ ನಡೆದುಕೊಂಡು ಹೋಗಿ ಹೇಳಬೇಕಾದ, ಇನ್ನೂ ಹೋಗದೆ ಉಳಿದಿರುವ ಒಬ್ಬಳಿದ್ದಾಳೆ: ನನ್ನ ಹೆಂಡತಿಯ ಕೊನೆಯ ಆರು ತಿಂಗಳು ದಿನಾ ಅವಳ ಮೈ ತೊಳೆದು ತಲೆ ಬಾಚಿದ, ಆಮೇಲೆ ನಾನು ಕೊಲ್ಲಲಿದ್ದ ಜೀವವನ್ನು ಅಂಗೈಯಲ್ಲಿ ಹಿಡಿದು ಉಳಿಸಿದ, ನಮ್ಮ ಮನೆಗೆಲಸದ ಹೆಂಗಸು.