ಲಕ್ಷ್ಮಕ್ಕನ ಹುಳುಮನೆ ಮುಚ್ಚಿಸಿದ ಲೇಖನ

ಲಕ್ಷ್ಮಕ್ಕನ ರೇಷ್ಮೆ ಹುಳುಮನೆಯನ್ನು ಮುಚ್ಚಿಸಿದವಳು ನಾನು. ಜಗಳವಾಡಿ ಅಲ್ಲ — ಒಂದು ಲೇಖನ ಬರೆದು.

ಜಂಗಮಕೋಟೆಯಲ್ಲಿ ನಮ್ಮ ದ್ರಾಕ್ಷಿ ತೋಟದ ಪಕ್ಕದಲ್ಲೇ ಆಕೆಯ ಹಿಪ್ಪುನೇರಳೆ ತೋಟ. ಔಷಧಿ ಹೊಡೆಯುವ ಮೊದಲು ಪಕ್ಕದವರಿಗೆ ಹೇಳುವುದು ನಮ್ಮೂರ ಪದ್ಧತಿ. ಹೇಳಿದರೆ ಅವರು ಔಷಧಿ ತಾಗಿದ ಸೊಪ್ಪನ್ನು ರೇಷ್ಮೆಹುಳುಗಳಿಗೆ ಹಾಕುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮ್ಮಣ್ಣ ಹೇಳದೆಯೇ ಹೊಡೆದ. ಗಾಳಿ ಆ ಕಡೆಗೇ ಬೀಸುತ್ತಿತ್ತು — ನಾನು ನೋಡಿದ್ದೆ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಹಸಿರು ಕಕ್ಕಿ ಸತ್ತವು.

ಔಷಧಿ ಹೊಡೆಯುವವರಿಗೆ ಕಡಿವಾಣ ಹಾಕಬೇಕೆಂದು ಊರಲ್ಲಿ ಮಾತೆದ್ದಿತು. ಅಣ್ಣ ಕಂಗಾಲಾದ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಚೆನ್ನಾಗಿ ಬರೆಯುತ್ತೇನೆಂಬ ಹೆಸರಿತ್ತು. ತಾಲ್ಲೂಕಿನ ವಾರಪತ್ರಿಕೆಗೆ ಬರೆದೆ — ಹುಳು ಸಾಯುವುದು ಪಕ್ಕದ ತೋಟದಿಂದಲ್ಲ, ಹುಳುಮನೆಯ ಕೊಳಕಿನಿಂದ. ತನ್ನ ನೆಲದಲ್ಲಿ ದುಡಿಯುವ ರೈತನ ಸ್ವಾತಂತ್ರ್ಯಕ್ಕೆ ಯಾರೂ ಅಡ್ಡ ಬರಬಾರದು... ಇನ್ನೂ ಏನೇನೋ. ಹಾಲಿನ ಡೇರಿ ಮುಂದೆ ಊರವರು ಅದನ್ನು ಗಟ್ಟಿಯಾಗಿ ಓದಿಸಿ ತಲೆದೂಗಿದರು. ಎದ್ದ ಮಾತು ಅಲ್ಲಿಗೇ ತಣ್ಣಗಾಯಿತು. ಆಗ ನನಗೆ ಹೆಮ್ಮೆಯಾಗಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಲಕ್ಷ್ಮಕ್ಕ ಜಗಳಕ್ಕೆ ಬರಬಹುದೆಂದು ಕಾದೆ. ಬರಲಿಲ್ಲ. ಆಕೆ ನನ್ನ ಲೇಖನವನ್ನು ನಂಬಿಬಿಟ್ಟಿದ್ದಳು. ಹುಳುಮನೆಗೆ ಬೀಗ ಹಾಕಿ ಕಂಡವರ ತೋಟಕ್ಕೆ ಸೊಪ್ಪು ಕೊಯ್ಯಲು ಹೊರಟಳು.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋದ ವಾರ ಅಣ್ಣನ ಸಿಟ್ಟು ಕಟ್ಟಿಕೊಂಡೇ ಆಕೆಯ ಮನೆಗೆ ಹೋದೆ.

"ತಪ್ಪು ನಿಂದಲ್ಲ ಲಕ್ಷ್ಮಕ್ಕ. ಔಷಧಿ ನಮ್ದು. ನಾನು ಸುಳ್ಳು ಬರ್ದೆ."

ಆಕೆ ನಕ್ಕಳು. "ನನ್ ಸಮಾಧಾನಕ್ಕೆ ಹೇಳ್ತಿದೀಯ, ಬಿಡಮ್ಮ. ನೀನು ಬರ್ದಿದ್ದು ಸರ್ಯಾಗೇ ಇತ್ತು. ಆ ಸಲ ಗೋಡೆಗೆ ಸುಣ್ಣ ಹೊಡ್ದಿರ್ಲಿಲ್ಲ ಕಣಮ್ಮ ನಾನು. ನನ್ ಕೈಯಾರೆ ಸಾಯಿಸ್ದೆ."

ವಾದಿಸಿದೆ. ರೇಗಿದೆ. ಅಳುವುದೊಂದು ಬಾಕಿ. ಆಕೆ ನನ್ನದೇ ಲೇಖನದ ಮಾತುಗಳನ್ನು ಒಂದೊಂದಾಗಿ ಹೇಳಿ ನನ್ನ ಬಾಯಿ ಮುಚ್ಚಿಸಿದಳು. ಸುಳ್ಳಿಗೆ ಅಷ್ಟು ಸಲೀಸಾಗಿ ಒದಗಿದ ಭಾಷೆ ನಿಜಕ್ಕೇಕೆ ಹೀಗೆ ತಡವರಿಸುತ್ತದೆ — ಗೊತ್ತಿಲ್ಲ. ತಪ್ಪೊಪ್ಪಿಕೊಂಡು ಪತ್ರಿಕೆಗೆ ಬರೆದರೆ, "ಹಳೇ ವಿಷ್ಯ ಯಾಕೆ ಮೇಡಂ ಈಗ" ಎಂದರು ಸಂಪಾದಕರು. ಅದಕ್ಕೇ ಇಲ್ಲಿ ಬರೆದಿದ್ದೇನೆ. ನೀವಾದರೂ ಆಕೆಗೆ ಹೇಳಿ.

ಅಂದು ಹೊರಡುವಾಗ ಹುಳುಮನೆಯ ಕಡೆ ನೋಡಿದೆ. ಬಾಗಿಲಿನ ಬೀಗ ತುಕ್ಕು ಹಿಡಿದಿತ್ತು. ಗೋಡೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಹುಳುಗಳಿಲ್ಲದ ಆ ಮನೆಗೆ ಲಕ್ಷ್ಮಕ್ಕ ಈಗಲೂ ಪ್ರತಿ ವರ್ಷ ಸುಣ್ಣ ಹೊಡೆಯುತ್ತಾಳೆ.