ರಾಹುಕಾಲವೂ ರೋಡ್ ರೋಲರೂ

ಮೇಘನಾ, ಚಿನ್ಮಯ,

ಮೊನ್ನೆ ನಮ್ಮ ಹಲಸೂರಿನ ಬೀದಿಗೆ ಡಾಂಬರು ಹಾಕುವಾಗ ನೀವಿಬ್ಬರೂ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಿರಿ. ನಾನು ಅಡುಗೆಮನೆಗೆ ಹೋಗಿ ಅಲ್ಲಿಯ ಕಿಟಕಿ ತೆರೆದುಕೊಂಡು ನಿಂತೆ. ಬೇರೆ ಹೆಂಗಸರಿಗೆ ಮಲ್ಲಿಗೆ ಹೇಗೋ ನನಗೆ ಬಿಸಿ ಡಾಂಬರು ಹಾಗೆ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀರಿ.

ಅದೇ ಸಂಜೆ ಚಿನ್ಮಯ ಪಾಠ ಓದುತ್ತಿದ್ದ. ಉಗಿಯಂತ್ರ ಬಂದಮೇಲೆ ಕಾರ್ಖಾನೆ ಬದಲಾಯಿತು, ಸಾರಿಗೆ ಬದಲಾಯಿತು, ಜನ ಕೆಲಸ ಮಾಡುವ ರೀತಿಯೇ ಬದಲಾಯಿತು ಅಂತ. "ಅಜ್ಜಿ, ನೀನು ಸ್ಟೀಮ್ ಇಂಜಿನ್ ನೋಡಿದ್ದೀಯಾ?" ಅಂದ. "ಹ್ಞೂಂ" ಅಂದು ಒಳಗೆ ಹೋದೆ. ನನ್ನ ಮಾತು ಯಾವಾಗಲೂ ಅಷ್ಟೇ ಉದ್ದ. ನಮ್ಮೂರ ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆದರೆ ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ.

ನಿಮ್ಮ ತಾತ ರೋಡ್ ರೋಲರ್ ಡ್ರೈವರ್ ಅಂತ ನಿಮಗೆ ಗೊತ್ತು. ನೀವು ಅಂದುಕೊಂಡಿರುವುದು ಮೊನ್ನೆ ಬಂದಿತ್ತಲ್ಲ, ಆ ಹಳದಿ ಬಣ್ಣದ ಡೀಸೆಲ್ ರೋಲರ್. ಮದುವೆಗೆ ಮುಂಚೆ ಅವರು ಓಡಿಸುತ್ತಿದ್ದದ್ದು ಕಲ್ಲಿದ್ದಲು ತಿಂದು ನೀರು ಕುಡಿಯುವ ರೋಲರ್. ಮುಂದೆ ದೊಡ್ಡ ಕಬ್ಬಿಣದ ಉರುಳೆ, ಹಿಂದೆ ಎರಡು ಚಕ್ರ, ಮೇಲೊಂದು ಹೊಗೆ ಕೊಳವೆ, ನಡುವೆ ಬಸುರಿ ಹೊಟ್ಟೆಯಂಥ ಬಾಯ್ಲರ್. ಇಂದಿರಾನಗರದ ಎಷ್ಟೋ ರಸ್ತೆಗಳಿಗೆ ಮೊದಲ ಜಲ್ಲಿ ಕೂರಿಸಿದ್ದು ಅವರೇ. ಈಗ ಅಲ್ಲಿ ರಸ್ತೆ ದಾಟಬೇಕಾದರೆ ನಾನು ನಿಮ್ಮ ಕೈ ಹಿಡಿಯಬೇಕು, ಅದು ಬೇರೆ ಮಾತು.

ಆ ಇಂಜಿನ್ನಿಗೆ ನಸುಕಿನಲ್ಲೇ ಬೆಂಕಿ ಹಾಕಬೇಕು. ಒಮ್ಮೆ ಉಗಿ ಏರಿತೆಂದರೆ ಎಳೆಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಹಾಗಾಗಿ ನಿಮ್ಮ ತಾತ ಹೆಣ್ಣು ನೋಡಲು ಬಂದಾಗಲೂ ರೋಲರನ್ನು ಜೊತೆಗೇ ಕರೆದುಕೊಂಡು ಬಂದರು.

ಹೊಸಕೋಟೆ ಕಡೆ ರಸ್ತೆ ಕೆಲಸಕ್ಕೆ ರೋಲರ್ ಹೋಗಬೇಕಿತ್ತು. ಕೆ.ಆರ್. ಪುರ ದಾಟಿದ ಮೇಲೆ ನಮ್ಮೂರು ಆ ದಾರಿಯಲ್ಲೇ ಸಿಗುತ್ತದೆ. ಅವರ ಸೋದರಮಾವ, "ಹೆಂಗೂ ಆ ಕಡೆ ಹೋಗ್ತಿದ್ದೀಯ, ಹಂಗೇ ಹೆಣ್ಣು ನೋಡ್ಕೊಂಡು ಹೋಗ್ಬಿಡು" ಅಂದು ತಾವೂ ಹತ್ತಿ ಕೂತರಂತೆ. ತಿಂಡಿ ಹೊತ್ತಿಗೆ ಬರುತ್ತೇವೆ ಅಂದವರು ಬಂದಾಗ ಬುಧವಾರದ ನಡುಮಧ್ಯಾಹ್ನ. ದಾರಿಯಲ್ಲಿ ಒಂದು ಎಮ್ಮೆ ತಮ್ಮನ್ನು ಹಿಂದೆ ಹಾಕಿ ಹೋಯಿತು ಅಂತ ಮಾವ ಆಮೇಲೆ ಎಷ್ಟು ಮದುವೆಮನೆಗಳಲ್ಲಿ ಹೇಳಿದರೋ.

ರೋಲರಿಗಿಂತ ಮುಂಚೆ ಅದರ ಸದ್ದು ಬಂತು. ಊರೆಲ್ಲ ನಮ್ಮ ಮನೆ ಮುಂದೆ ಸೇರಿತು. ನಮ್ಮಜ್ಜಿ, ಅಂದರೆ ನನ್ನ ಅಪ್ಪನ ತಾಯಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಇದೇನ್ರಪ್ಪ, ಎತ್ತಿಲ್ಲದ ರೋಣಗಲ್ಲು!" ಅಂದಳು. ರೋಣಗಲ್ಲು ನಿಮಗೆ ಗೊತ್ತಿರಲಾರದು. ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುವ ಕಲ್ಲು ಅದು. ನಮ್ಮಮ್ಮ ಮಾತ್ರ ಇಂಜಿನ್ನಿಗೆ ಕೈ ಮುಗಿದಳು. ಹುಡುಗಿಯಾಗಿದ್ದಾಗ ರಸ್ತೆ ಕೂಲಿಗೆ ಹೋಗಿ, ಸಾಲಿನಲ್ಲಿ ನಿಂತು, ಜಲ್ಲಿಯನ್ನು ಕೈಯಲ್ಲೇ ಬಡಿದು ಬಡಿದು ದಮ್ಮಸ್ಸು ಮಾಡಿದವಳು ಆಕೆ. "ನಾವು ತಿಂಗಳುಗಟ್ಲೆ ಬಡಿದಿದ್ದನ್ನ ಇದು ಒಂದ್ಸಲ ಹೊರಳಿ ಮುಗಿಸ್ತದಲ್ಲೇ! ಮೊದ್ಲು ಇದಕ್ಕೆ ಆರತಿ ಎತ್ತಬೇಕು, ಆಮೇಲೆ ಗಂಡಿಗೆ" ಅಂದಳು. ಪಕ್ಕದ ಮನೆ ಮುನಿಯಮ್ಮ ಸೊಂಟಕ್ಕೆ ಕೈಯಿಟ್ಟು, "ಎತ್ತು, ಎತ್ತು. ನಮ್ಮ ಕೂಲಿಗೆ ಕಲ್ಲು ಹಾಕಿದ್ದೂ ಇದೇಯ" ಅಂದಳು. ಚಿನ್ಮಯ, ನಿನ್ನ ಪಾಠದಲ್ಲಿ ಇವರಿಬ್ಬರೂ ಇಲ್ಲ. ಇದ್ದಿದ್ದರೆ ಓದಲು ಅಷ್ಟು ಆಕಳಿಕೆ ಬರುತ್ತಿರಲಿಲ್ಲ.

ಬಂದವರು ಜಮಖಾನದ ಮೇಲೆ ಕೂತರೋ ಇಲ್ಲವೋ, ಅಜ್ಜಿಗೆ ನೆನಪಾಯಿತು, ರಾಹುಕಾಲ ಶುರುವಾಗಿದೆ. ಅದು ಕಳೆಯುವ ತನಕ ಹೆಣ್ಣು ಹೊರಗೆ ಬರುವಂತಿಲ್ಲ. ಹೆಣ್ಣು ನೋಡದೆ ಗಂಡು ಎದ್ದು ಹೊಸಿಲು ದಾಟಿದರೆ ಸಂಬಂಧ ಅಲ್ಲಿಗೇ ಮುರಿಯಿತು. ಇದು ನಮ್ಮೂರಿನ ಕಾನೂನು, ಬಂದವರಿಗೂ ಕೇಳಿಸುವಂತೆಯೇ ಹೇಳಿದಳು. ಬರೆದವಳು, ತೀರ್ಪು ಕೊಡುವವಳು ಎರಡೂ ಅಜ್ಜಿಯೇ.

ನಾನು ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗಂಡು ನನಗಿಂತ ಸಂಕೋಚದವರು. ಮಾವ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದರೆ ಇವರು ಮೆಲ್ಲಗೆ, "ಸ್ವಲ್ಪ ನೀರು ಬೇಕಿತ್ತು" ಅಂದರು. ಅಮ್ಮ ಚೊಂಬು ತಂದುಕೊಟ್ಟಳು. ಏನೋ ಹೇಳಲು ಹೋಗಿ, ಹೇಳಲಾಗದೆ, ಕುಡಿದರು. ಸ್ವಲ್ಪ ಹೊತ್ತಿಗೆ ಮತ್ತೆ "ನೀರು..." ಅಂದರು. ಅಪ್ಪ, "ಪಾಪ, ಬಿಸಿಲಲ್ಲಿ ಬಂದವ್ರೆ, ಮಜ್ಜಿಗೆ ಕೊಡ್ರೇ" ಅಂದ. ಅದನ್ನೂ ಕುಡಿದರು. ಆಮೇಲೆ ಪಾನಕ. ಕುಡಿದಷ್ಟೂ ಬೆವರು ಹರಿಯುತ್ತಿತ್ತು.

ಅಜ್ಜಿ ಕೋಣೆಗೆ ಬಂದು ಅಮ್ಮನ ಕಿವಿಯಲ್ಲಿ, "ಇಷ್ಟು ನೀರು ಕುಡಿಯೋನಿಗೆ ಸಕ್ಕರೆ ಕಾಯಿಲೆ ಇದ್ದೇ ಇರ್ತದೆ. ಬೇಡ ಕಣೇ ಈ ಸಂಬಂಧ. ರಾಹುಕಾಲ ಕಳೀಲಿ, ಕಳಿಸಿಬಿಡಾಣ" ಅಂದಳು.

ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಆ ಕಣ್ಣು ಚೊಂಬಿನ ಕಡೆ ಒಂದು ಸಲವೂ ಹೋಗಲಿಲ್ಲ. ಬಾಗಿಲಾಚೆ ಬುಸುಗುಡುತ್ತಿದ್ದ ಇಂಜಿನ್ ಮೇಲೇ ನೆಟ್ಟಿತ್ತು. ನಮ್ಮ ಮನೆಯ ಬಚ್ಚಲೊಲೆ ನನ್ನ ಪಾಲಿನ ಕೆಲಸ. ಹಂಡೆಯ ನೀರು ತಳ ಮುಟ್ಟಿದಾಗ ಒಲೆ ಧಗಧಗ ಉರಿಯುತ್ತಿದ್ದರೆ ಹಂಡೆಯ ಗತಿ ಏನಾಗುತ್ತದೆ ಅಂತ ನನಗೆ ಗೊತ್ತು. ಬಾಯಾರಿರುವುದು ಇಂಜಿನ್ನಿಗೆ ಅಂತ ಆಗ ಹೊಳೆಯಿತು. ಇವರು ಎದ್ದರೆ ಹೆಣ್ಣು ತಪ್ಪುತ್ತದೆ, ಕೂತರೆ ಬಾಯ್ಲರ್ ಹೋಗುತ್ತದೆ, ಅದರ ಹಿಂದೆಯೇ ಕೆಲಸವೂ. ಎದುರಿಗಿದ್ದವರ ಮನಸ್ಸು ನೋಯದಿರಲಿ ಅಂತ ಬೇಡದ ಮಜ್ಜಿಗೆ ಕುಡಿಯುವ ಗಂಡಸು ಎಲ್ಲಿ ಸಿಗುತ್ತಾನೆ ಹೇಳಿ? ನನಗೆ ಆಗಲೇ ಅವರು ಒಪ್ಪಿಗೆಯಾಗಿದ್ದರು.

ಅಮ್ಮನ ಸೆರಗು ಎಳೆದು ಹೇಳಹೋದೆ. "ಸುಮ್ನಿರೇ, ರಾಹುಕಾಲ" ಅಂದಳು.

ಹೊಸಿಲು ಹೇಗೆ ದಾಟಿದೆನೋ ಈಗಲೂ ತಿಳಿಯದು. ನಡುಮನೆಗೆ ಬಂದು, ಅವರ ಮುಖ ನೋಡುವ ಧೈರ್ಯವಿಲ್ಲದೆ ಕಂಬಕ್ಕೆ ಹೇಳಿದೆ: "ನೀವು ಏಳ್ರಿ. ಇಂಜಿನ್ನಲ್ಲಿ ನೀರು ಮುಗೀತಾ ಇದೆ."

ಅಪ್ಪನ ಕೈಯಿಂದ ಎಲೆಅಡಿಕೆ ತಟ್ಟೆ ಬಿತ್ತು. ಮಾವ, "ಏನ್ರೀ, ಹುಡುಗಿಗೆ ಮಾತೇ ಬರಲ್ಲ ಅಂತ ಊರ ಮುಂದೆ ಜನ ಹೇಳಿದ್ರಲ್ಲ!" ಅಂದರು. ಗಂಡು ಎದ್ದವರೇ ಬಾಗಿಲ ಪಟ್ಟಿಗೆ ಹಣೆ ಚಚ್ಚಿಕೊಂಡು ಓಡಿದರು. ಹೊರಗಿಂದ ಕೂಗು ಕೇಳಿಸಿತು: "ನೀರು ತನ್ನಿ! ಕೊಡ, ಬಿಂದಿಗೆ, ಸಿಕ್ಕಿದ್ದರಲ್ಲಿ ತನ್ನಿ!"

ಬಾವಿಯಿಂದ ರೋಲರಿನ ತನಕ ಜನ ಸಾಲು ನಿಂತರು. ಎಲ್ಲರಿಗಿಂತ ಮುಂದೆ ನಿಂತು, "ಕುಡಿ, ಹಾಳಾದ್ದೆ, ಕುಡಿ" ಅನ್ನುತ್ತಾ ರೋಲರಿನ ನೀರಿನ ತೊಟ್ಟಿಗೆ ಸುರಿದವಳು ಮುನಿಯಮ್ಮ. ನಿಮ್ಮ ತಾತ ಏನೋ ತಿರುಪು ತಿರುಗಿಸಿದರು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ತಳದಲ್ಲಿ ಇನ್ನೊಂದು ಬೆರಳಷ್ಟೇ ಉಳಿದಿದ್ದ ನೀರು ಮೆಲ್ಲಗೆ ಮೇಲೇರಿತು. ಅದನ್ನು ಕಂಡಮೇಲೆ ಅವರು ಹೊಸ ಪಂಚೆಯಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು.

"ನಿಮ್ಗೆ ಹೆಂಗೆ ಗೊತ್ತಾಯ್ತು?" ಅಂತ ಕೇಳಿದರು.

"ಹಂಡೆ" ಅಂದೆ. ಆ ದಿನದ ನನ್ನ ಮಾತು ಅಲ್ಲಿಗೆ ಖರ್ಚಾಗಿತ್ತು. ಅವರು ನಕ್ಕರು.

ಇನ್ನು ಕಾನೂನಿನ ವಿಚಾರ. ಗಂಡು ಹೊಸಿಲು ದಾಟಿಯಾಗಿತ್ತು, ಅದೂ ರಾಹುಕಾಲದಲ್ಲಿ. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಇಂಜಿನ್ ನೋಡಿದಳು, ನನ್ನನ್ನು ನೋಡಿದಳು, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು. "ಅವನಾಗೇ ಎದ್ದಿದ್ರೆ ಮುರೀತಿತ್ತು. ಅವನ್ನ ಹೆಣ್ಣು ಎಬ್ಬಿಸಿದ್ದು. ಎಬ್ಬಿಸಿದ್ದಕ್ಕೆ ಶಾಸ್ತ್ರ ಇಲ್ಲ" ಅಂದಳು. ಒಳಗೆ ಹೋಗುತ್ತಾ, "ಸಕ್ಕರೆ ಕಾಯಿಲೆನೂ ಇಲ್ಲ" ಅಂತ ಸೇರಿಸಿದಳು.

ಆ ವರ್ಷವೇ ಮದುವೆಯಾಯಿತು. ಅವರು ಹಾಕಿದ ರಸ್ತೆಯಲ್ಲಿ ಬಸ್ಸು ಬಂತು. ಕೋಳಿ ಕೂಗುವ ಮುಂಚೆ ತಲೆ ಮೇಲೆ ಸೊಪ್ಪು ಹೊತ್ತು ಹೊರಡುತ್ತಿದ್ದ ಅಮ್ಮ, ಶಿವಾಜಿನಗರದ ಮಾರ್ಕೆಟ್ಟಿಗೆ ಕಿಟಕಿ ಪಕ್ಕ ಕೂತು ಹೋಗಿಬಂದಳು. ಸೊಪ್ಪಿಗಿಂತ ಕಿಟಕಿಯ ಸುದ್ದಿಯೇ ಜಾಸ್ತಿ ತಂದಳು.

ನಿಮ್ಮ ತಾತನಿಗೆ ಮಾತ್ರ ಕೂತಲ್ಲಿಂದ ಏಳುವ ಕಲೆ ಕೊನೆಯವರೆಗೂ ಬರಲಿಲ್ಲ. ನೆಂಟರ ಮನೆ, ಮದುವೆ ಮನೆ, ಕುಕ್ ಟೌನಿನ ಸಾಹೇಬರ ಬಂಗಲೆ, ಎಲ್ಲೇ ಹೋದರೂ ಕಾಫಿ ಮೇಲೆ ಕಾಫಿ ಕುಡಿಯುತ್ತಾ ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡೇ "ಏಳ್ರಿ" ಅನ್ನುತ್ತಿದ್ದೆ. ಆಗ ಏಳುತ್ತಿದ್ದರು. ಅವರಾಗಿಯೇ, ನಾನು ಹೇಳದೆ, ಎದ್ದು ಹೋದದ್ದು ಒಂದೇ ಸಲ. ಅದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಇಷ್ಟು ಬರೆಯುವುದರೊಳಗೆ ಕೈ ನೋಯುತ್ತಿದೆ, ಆದರೆ ಎದೆ ಹಗುರವಾಗಿದೆ. ಇಷ್ಟು ದಿನ ಈ ಮಾತೆಲ್ಲ ನನ್ನೊಬ್ಬಳದೇ ಆಗಿತ್ತು. ಇನ್ನು ನಿಮ್ಮದೂ ಆಯಿತು. ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಎತ್ತಿಡಿ. ನಾನು ಎದುರಿಗಿರುವಾಗ ಗಟ್ಟಿಯಾಗಿ ಓದಬೇಡಿ, ನನಗೆ ನಾಚಿಕೆಯಾಗುತ್ತದೆ. ಓದಿದ ಮೇಲೆ ನಗು ಬಂದರೆ ಮಾತ್ರ ತಡೆಯಬೇಡಿ, ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತೇನೆ.