ಪಂಚೆಯ ಮೇಲಿನ ಸೋಡಿಯಂ

ತೆರಕಣಾಂಬಿಯಿಂದಾಚೆ, ಬಸ್ಸು ಸುಸ್ತಾಗಿ ನಿಲ್ಲುವ ಊರಿನ ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನವೆಂಬುದು ಒಂದು ಬಿಳಿ ಪಂಚೆಯ ಮೇಲೆ ನಡೆಯುವ ವ್ಯವಹಾರ. ಹೆಡ್‌ಮಾಸ್ತರರಿಗೆ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಪಂಚೆಯದು. ಗೋಡೆಗೆ ಕಟ್ಟಿ ಪ್ರೊಜೆಕ್ಟರಿನ ಬೆಳಕು ಬಿಟ್ಟರೆ, ಜರಿಯಂಚಿನ ನಡುವೆ ಹೃದಯ ಬಡಿಯುತ್ತದೆ, ಗ್ರಹಗಳು ತಿರುಗುತ್ತವೆ. ಕನ್ನಡ ಕಲಿಸುವ ನಾನೂ ಬಿಡುವಿನಲ್ಲಿ ಹೋಗಿ ಕೂರುತ್ತೇನೆ. ಪಂಚೆಯೊಳಗಿನ ವಿಡಿಯೊ ಮೇಷ್ಟ್ರು ಕೆಮ್ಮುವುದಿಲ್ಲ, ಗದರುವುದಿಲ್ಲ, ಅವರ ಪ್ರಯೋಗ ಒಮ್ಮೆಯೂ ಕೆಡುವುದಿಲ್ಲ. ಇಂಥ ಸದ್ಗೃಹಸ್ಥರನ್ನು ಅಷ್ಟಾಗಿ ನಂಬಬಾರದೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಒಂದು ದಿನ ಆ ಪಂಚೆಯ ಮೇಷ್ಟ್ರು ಸೋಡಿಯಂ ಚೂರೊಂದನ್ನು ನೀರಿಗೆ ಹಾಕಿದರು. ಅದು ಉರಿಯುತ್ತ ಓಡಾಡಿತು. ಮಕ್ಕಳು ಶಿಳ್ಳೆ ಹೊಡೆದರು. ನಮ್ಮ ವಿಜ್ಞಾನದ ಮಾದೇವಸ್ವಾಮಿಗಳಿಗೆ ಹೊಟ್ಟೆಯುರಿಯಿತು. ಸೀಮೆಎಣ್ಣೆಯ ಸೀಸೆಯಲ್ಲಿದ್ದ ನಿಜವಾದ ಸೋಡಿಯಂ ತಂದು, ಗಾಜಿನ ಬೋಗುಣಿಗೆ ನೀರು ತುಂಬಿ, ಮೆಣಸಿನ ಕಾಳಷ್ಟು ಕತ್ತರಿಸಿದರು.

ಮುಂದಿನ ಸಾಲಿನ ಹುಡುಗಿ ಚಿಕ್ಕತಾಯಿಗೆ ಅದು ಅವಮಾನವೆನಿಸಿತು. "ಏನ್ ಸಾ, ಪಂಚೇಲಿ ಬೆಲ್ಲದಚ್ಚಷ್ಟಿತ್ತು. ನೀವ್ ನೋಡುದ್ರೆ ಇರುವೆಗ್ ಆಕೋವಷ್ಟ್ ಆಕ್ತಿದ್ದೀರಿ!"

"ಸುಮ್ನಿರು ಕಣಮ್ಮಿ, ನಂಗೊತ್ತು," ಎಂದರು ಮಾದೇವಸ್ವಾಮಿಗಳು.

"ಆ ಮೇಷ್ಟ್ರೇ ವಾಸಿ ಬುಡಿ ಸಾ."

ಗೆಳೆಯರೇ, ಪ್ರೊಜೆಕ್ಟರು ಸಾಸಿವೆಯನ್ನೂ ಸೋರೆಕಾಯಿ ಮಾಡುತ್ತದೆಂದು ಎಂಎಸ್ಸಿ ಓದಿದವರಿಗೆ ತಿಳಿಯದೇ? ತಿಳಿದಿತ್ತು. ಆದರೆ ಒಂದು ಪಂಚೆಯ ಎದುರು ಸೋಲುವುದು ಯಾವ ಗಂಡಸಿಗೆ ಸುಲಭ? ನೆಲ್ಲಿಕಾಯಿ ಗಾತ್ರದ ತುಂಡನ್ನೇ ಇಕ್ಕಳದಲ್ಲಿ ಎತ್ತಿ ಹಾಕಿಬಿಟ್ಟರು.

ಪಂಚೆಯ ಮೇಲಿನ ಬೆಂಕಿ ಎಂದೂ ಅಂಚು ದಾಟಿದ್ದಿಲ್ಲ. ಅದನ್ನೇ ನೋಡಿ ಕಲಿತ ಚಿಕ್ಕತಾಯಿ ಎದ್ದು ಬಂದು, ಬೋಗುಣಿಯ ಮೇಲೆ ಬಗ್ಗಿ ಕಣ್ಣರಳಿಸಿದಳು. ನಾನು ಕೈಗೆ ಸಿಕ್ಕ ಅವಳ ಜಡೆ ಹಿಡಿದು ಎಳೆದೆ. "ಅಯ್ಯೋ, ಜಡೆ ಬುಡಿ ಮೇಡಂ" ಎನ್ನುವಷ್ಟರಲ್ಲಿ ಢಂ! ಬೋಗುಣಿ ನುಚ್ಚುನೂರು, ಪಂಚೆಯಲ್ಲಿ ತೂತು, ಮಾದೇವಸ್ವಾಮಿಗಳು ಮೇಜಿನ ಕೆಳಗೆ, ನಾವಿಬ್ಬರೂ ನೆಲದ ಮೇಲೆ. ಅವಳ ರೆಪ್ಪೆ ಬಿಡಿಸಿ ನೋಡಿದೆ. ಎರಡು ಕಣ್ಣೂ ನೆಟ್ಟಗಿದ್ದವು, ಸಾಲದ್ದಕ್ಕೆ ಹೊಳೆಯುತ್ತಿದ್ದವು.

"ಸಾ, ಇನ್ನೊಂದ್ ದಪ ಆಕಿ! ಮೇಡಂ ಎಳ್ದ್‌ಬುಟ್ರು, ಏನೂ ಕಾಣ್ನೇ ಇಲ್ಲ."

ತಿಳಿಯದಿದ್ದರೆ ವಿಡಿಯೊ ಹಿಂದಕ್ಕೋಡಿಸಿ ಮತ್ತೆ ಹಾಕಿಸಿಕೊಳ್ಳಬಹುದಾದ ಲೋಕ ಅವಳದು. ನನ್ನ ತಲೆಯಲ್ಲಿ ಮಾತ್ರ ಆ ಗಳಿಗೆ ಹೇಳದೆ ಕೇಳದೆ ಓಡುತ್ತಲೇ ಇದೆ, ಅನ್ನಕ್ಕೆ ಸಾರು ಬಡಿಸುವಾಗ, ಗುಂಡ್ಲುಪೇಟೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ. ಹಾಗೆ ಓಡುವಾಗ ಕೆಲವು ಸಲ ಜಡೆ ಕೈಗೆ ಸಿಗುವುದಿಲ್ಲ. ಈಗ ಸಂಧಿ ಸಮಾಸದ ಪಾಠದಲ್ಲಿ ಯಾರಾದರೂ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದರೂ ನನ್ನ ಕೈ ತಾನಾಗಿ ಜಡೆಯತ್ತ ಚಾಚಿಕೊಳ್ಳುತ್ತದೆ. ಹುಡುಗಿಯರೆಲ್ಲ ನನ್ನ ತರಗತಿಗೆ ತುರುಬು ಕಟ್ಟಿಕೊಂಡು ಬರುತ್ತಿದ್ದಾರೆ.